ದೂರದಿಂದಲೇ ಕಂಪ್ಯೂಟರ್ ರಿಪೇರಿ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಕುಂಬಳೆ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಕಡೆಯ ಶಾಲೆಗಳು, ಸಹಕಾರಿ ಸಂಘಗಳು, ಅಡಿಕೆ ಅಂಗಡಿಗಳು, ಮನೆಗಳು – ಎಲ್ಲ ಕಡೆಯಿಂದ ನಮ್ಮ ಹೆಲ್ಪ್ ಡೆಸ್ಕ್‌ಗೆ ಫೋನ್ ಬರುತ್ತದೆ. ಹೆಚ್ಚಿನ ತೊಂದರೆಗಳನ್ನು ನಾವು ಇಲ್ಲಿ ಕೂತೇ, ರಿಮೋಟ್‌ನಲ್ಲಿ ಸರಿಮಾಡುತ್ತೇವೆ. ಹಾಗೆ ಮಾಡುವಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ವಂಚನೆ ಕರೆಗಳ ಬಗ್ಗೆ ಇರುವ ಎರಡು ಪ್ರಶ್ನೆಗಳನ್ನಾದರೂ ಓದಿ. ಮನೆಯಲ್ಲಿರುವ ಹಿರಿಯರಿಗೂ ಓದಿ ಹೇಳಿ.

ರಿಮೋಟ್‌ನಲ್ಲಿ ಬರುವುದು ಅಂದರೆ ನಿಜವಾಗಿ ಏನಾಗುತ್ತದೆ?

ನಿಮ್ಮ ಪರದೆಯ ಚಿತ್ರ ಇಂಟರ್ನೆಟ್ ಮೂಲಕ ನಮ್ಮ ಪರದೆಗೆ ಬರುತ್ತದೆ. ನಾವು ಇಲ್ಲಿ ಮೌಸ್ ಆಡಿಸಿದರೆ, ಕೀ ಒತ್ತಿದರೆ, ಅದು ನಿಮ್ಮ ಕಂಪ್ಯೂಟರಿಗೆ ಹೋಗುತ್ತದೆ. ಅಷ್ಟೇ. ನಿಮ್ಮ ಫೈಲುಗಳೆಲ್ಲ ನಮ್ಮ ಕಡೆಗೆ ನಕಲಾಗುವುದಿಲ್ಲ. ಫೈಲ್ ಕಳುಹಿಸುವ ಸೌಲಭ್ಯ ಈ ಕೆಲಸಕ್ಕೆ ಬಳಸುವ ಆಪ್‌ಗಳಲ್ಲಿ ಬೇರೆಯೇ ಇರುತ್ತದೆ. ಅದನ್ನು ಬಳಸಬೇಕಾದಾಗ ಮೊದಲು ನಿಮ್ಮನ್ನು ಕೇಳುತ್ತೇವೆ.

ನಿಮ್ಮ ಕಂಪ್ಯೂಟರ್ ಮತ್ತು ನಮ್ಮದು ನೇರವಾಗಿ ಮಾತಾಡಿಕೊಳ್ಳುವುದು ಹೆಚ್ಚಾಗಿ ಆಗುವುದಿಲ್ಲ. ನಿಮ್ಮ ರೂಟರ್ ಹೊರಗಿನಿಂದ ಬರುವುದನ್ನೆಲ್ಲ ತಡೆಯುತ್ತದೆ. ಮೊಬೈಲ್ ನೆಟ್‌ನಲ್ಲಂತೂ ನೂರಾರು ಜನರಿಗೆ ಸೇರಿ ಒಂದೇ ಹೊರಗಿನ ವಿಳಾಸ ಇರುತ್ತದೆ. ಅದಕ್ಕೇ ಎರಡೂ ಕಡೆಯವರು ಆಪ್ ಕಂಪೆನಿಯ ಸರ್ವರ್‌ಗೆ ಹೋಗಿ, ಅದರ ಮೂಲಕ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ನೀವು ಫೋನಿನಲ್ಲಿ ಓದಿ ಹೇಳುವ ನಂಬರ್ ಇರುವುದು ಇದಕ್ಕೇ.

ನಮಗೆ ಗೊತ್ತಾಗದ ಹಾಗೆ ನೀವು ಒಳಗೆ ಬರಬಹುದಾ?

ಒಂದು ಸಲದ ಸಹಾಯಕ್ಕೆ ಬಳಸುವ ವಿಧಾನದಲ್ಲಿ ಬರಲಾಗದು. ನೀವು ನಂಬರ್ ಹೇಳಬೇಕು ಅಥವಾ ನಾವು ಕೊಟ್ಟ ಕೋಡ್ ಹಾಕಬೇಕು, ಪರದೆಯಲ್ಲಿ ಅಕ್ಸೆಪ್ಟ್ ಅಥವಾ ಅಲೋ ಎಂದು ಬಂದಾಗ ನೀವೇ ಒತ್ತಬೇಕು. ಕೆಲಸ ನಡೆಯುವಷ್ಟು ಹೊತ್ತೂ ಪರದೆಯ ಒಂದು ಮೂಲೆಯಲ್ಲಿ ಸಣ್ಣ ಪಟ್ಟಿ ಕಾಣುತ್ತಿರುತ್ತದೆ. ಅದನ್ನು ಮುಚ್ಚಿದ ಕೂಡಲೇ ನಾವು ಹೊರಗೆ. ಅದು ಸಿಗದಿದ್ದರೆ ನೆಟ್ ಕೇಬಲ್ ಎಳೆಯಿರಿ, ವೈಫೈ ಬಂದ್ ಮಾಡಿ. ನಮಗೇನೂ ಬೇಸರವಿಲ್ಲ.

ಆದರೆ ನೀವು ಒಪ್ಪಿಗೆ ಒತ್ತದೆಯೂ ಒಳಗೆ ಬರಲಾಗುವ ಶಾಶ್ವತ ಪಾಸ್‌ವರ್ಡ್ ಇಟ್ಟುಕೊಂಡಿದ್ದರೆ ಕಥೆ ಬೇರೆ. ಅದರ ಬಗ್ಗೆ ಕೆಳಗೆ ಹೇಳಿದ್ದೇವೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ನಾವು ಕೆಲಸ ಮಾಡುವಾಗ ನೀವು ಪರದೆಯ ಮುಂದೆ ಕೂತಿರಬೇಕು. ಕರೆಂಟ್ ಕೆಲಸಕ್ಕೆ ಬಂದವರ ಜೊತೆ ಮನೆಯವರೊಬ್ಬರು ನಿಲ್ಲುವುದಿಲ್ಲವೇ, ಹಾಗೆ. "ನೀವು ಮಾಡಿ, ನಾನು ಊಟ ಮಾಡಿ ಬರ್ತೇನೆ" ಎಂದರೆ ನಾವೂ ಊಟ ಮುಗಿಸಿಯೇ ಶುರು ಮಾಡುತ್ತೇವೆ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನೋಡುತ್ತಾ ಕೂರುವ ಅಭ್ಯಾಸ ಇದ್ದವರು ನಾಳೆ ಗುರುತಿಲ್ಲದವನು ಫೋನ್ ಮಾಡಿದಾಗಲೂ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಈ ಅಭ್ಯಾಸ ಬೆಳೆಯಬೇಕೆಂಬುದು ನಮ್ಮ ದೊಡ್ಡ ಆಸೆ.

ಯಾವ ಆಪ್ ಹಾಕಿಕೊಳ್ಳಬೇಕು?

ವಿಂಡೋಸ್ 10 ಅಥವಾ 11 ಇದ್ದರೆ ಹೊಸದಾಗಿ ಏನೂ ಹಾಕುವುದು ಬೇಡ. ಕ್ವಿಕ್ ಅಸಿಸ್ಟ್ ಎಂಬುದು ಅದರಲ್ಲೇ ಇದೆ. ಕಂಟ್ರೋಲ್, ವಿಂಡೋಸ್, ಕ್ಯೂ – ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ನಾವು ಇಲ್ಲಿಂದ ಒಂದು ಕೋಡ್ ಕೊಡುತ್ತೇವೆ, ನೀವು ಅದನ್ನು ಹಾಕುತ್ತೀರಿ. ಮೈಕ್ರೋಸಾಫ್ಟ್ ಖಾತೆ ಬೇಕಾಗುವುದು ಸಹಾಯ ಮಾಡುವವರಿಗೆ ಮಾತ್ರ. ಕೋಡ್ ಸ್ವಲ್ಪ ಹೊತ್ತಿಗೆ ತಾನಾಗಿ ಸತ್ತುಹೋಗುತ್ತದೆ, ಕೆಲಸ ಮುಗಿದ ಮೇಲೆ ಅದೇ ಕೋಡ್‌ನಿಂದ ಪುನಃ ಬರಲಿಕ್ಕಾಗುವುದಿಲ್ಲ. ಮೊದಲು ಪರದೆ ನೋಡಲು ಒಪ್ಪಿಗೆ, ಆಮೇಲೆ ಮೌಸ್ ಆಡಿಸಲು ಬೇರೆ ಒಪ್ಪಿಗೆ. ಮನೆಯ ಕಂಪ್ಯೂಟರಿಗೆ ನಮ್ಮ ಮೊದಲ ಆಯ್ಕೆ ಇದೇ.

ಇದೇ ಕೆಲಸದ ಬೇರೆ ಆಪ್‌ಗಳಾದ ಎನಿಡೆಸ್ಕ್, ಟೀಮ್‌ವ್ಯೂವರ್ ಎರಡೂ ಜರ್ಮನಿಯ ಕಂಪೆನಿಗಳವು. ವಿಂಡೋಸ್, ಲಿನಕ್ಸ್, ಮ್ಯಾಕ್, ಮೊಬೈಲ್ ಎಲ್ಲದರಲ್ಲೂ ನಡೆಯುತ್ತವೆ. ಅವು ಉಚಿತ ಎಂದು ಜನ ಅಂದುಕೊಂಡಿದ್ದಾರೆ. ಉಚಿತ ಇರುವುದು ಸ್ವಂತ ಬಳಕೆಗೆ ಮಾತ್ರ. ಅಂಗಡಿ, ಕಚೇರಿ ಕೆಲಸಕ್ಕೆ ಲೈಸೆನ್ಸ್ ಬೇಕು. ವ್ಯಾಪಾರದ ಬಳಕೆ ಎಂಬ ಅನುಮಾನ ಬಂದರೆ ಟೀಮ್‌ವ್ಯೂವರ್ ಮಧ್ಯದಲ್ಲೇ ಸಂಪರ್ಕ ಕಡಿದುಹಾಕುತ್ತದೆ. ಆಗ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಸಹಕಾರಿ ಸಂಘದಂತಹ ಕಡೆ, ನಾಲ್ಕೈದು ಶಾಖೆ ಇದ್ದರೆ, ರಸ್ಟ್‌ಡೆಸ್ಕ್ ನೋಡಿ. ಅದು ಮುಕ್ತ ತಂತ್ರಾಂಶ. ಮಧ್ಯದ ಸರ್ವರನ್ನು ನಿಮ್ಮದೇ ಜಾಗದಲ್ಲಿ ಇಟ್ಟುಕೊಳ್ಳಬಹುದು. ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು ಎಂಬುದು ಬಿಟ್ಟರೆ ಒಳ್ಳೆಯ ದಾರಿ.

ಕ್ರೋಮ್ ಬ್ರೌಸರಿನಲ್ಲೇ ನಡೆಯುವ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಕೂಡ ಇದೆ. ಮಗ ಬೆಂಗಳೂರಿನಲ್ಲಿ, ಅಪ್ಪ ನೀರ್ಚಾಲಿನಲ್ಲಿ ಅಂತಾದರೆ ಮನೆಯೊಳಗಿನ ಸಹಾಯಕ್ಕೆ ಅದು ಸಾಕು.

ಯಾವುದನ್ನೇ ಹಾಕುವುದಿದ್ದರೂ ಆ ಕಂಪೆನಿಯ ಸ್ವಂತ ವೆಬ್‌ಸೈಟಿನಿಂದ ಅಥವಾ ಮೈಕ್ರೋಸಾಫ್ಟ್ ಸ್ಟೋರ್, ಪ್ಲೇ ಸ್ಟೋರ್‌ನಿಂದ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಫೈಲನ್ನು ಒತ್ತಬೇಡಿ, ಕಳುಹಿಸಿದವರು ಪರಿಚಯದವರೇ ಆಗಿದ್ದರೂ.

ನನಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ. ನಂಬರ್ ಎಲ್ಲಿದೆ ಎಂದು ಹೇಗೆ ಗೊತ್ತಾಗುವುದು?

ಫೋನ್ ಹಿಡಿದುಕೊಂಡೇ ಮಾಡೋಣ. ಕಳೆದ ಮಳೆಗಾಲದಲ್ಲಿ ಎಣ್ಮಕಜೆ ಕಡೆಯ ಒಬ್ಬರು ಅಜ್ಜಿ ಫೋನ್ ಮಾಡಿದ್ದರು. ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಪ್ರಿಂಟ್ ಬರುತ್ತಿಲ್ಲ, ಅರ್ಜಿ ಕೊಡಲು ಮರುದಿನವೇ ಕೊನೆ. ನಾವು ಹೇಳಿದ್ದು ಇಷ್ಟು: "ಅಜ್ಜಿ, ಎಡಗಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೀ ಅಂಕೆಗಳಿವೆ ನೋಡಿ. ಮೂರು ಮೂರು ಓದಿ." ಅವರು ನಿಧಾನಕ್ಕೆ ಓದಿದರು, ನಾವು ತಿರುಗಿ ಹೇಳಿದೆವು. "ಈಗ ಹಸಿರು ಬಣ್ಣದ ಬಟನ್ ಬರ್ತದೆ. ಅದನ್ನು ಒತ್ತುವ ಮೊದಲು ನಮ್ಮ ಹೆಸರು ಕಾಣ್ತದಾ ನೋಡಿ." ಅವರು ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಆಮೇಲೆ ಒತ್ತಿದರು. ಪ್ರಿಂಟರಿನ ಸಾಲಿನಲ್ಲಿ ಹಳೆಯ ಒಂದು ಫೈಲ್ ಸಿಕ್ಕಿಬಿದ್ದಿತ್ತು. ಆ ಸಾಲನ್ನು ನಡೆಸುವ ಪ್ರಿಂಟ್ ಸ್ಪೂಲರ್ ಎಂಬುದನ್ನು ನಿಲ್ಲಿಸಿ, ಸಾಲನ್ನು ಖಾಲಿ ಮಾಡಿ, ಪುನಃ ಶುರು ಮಾಡಿದೆವು. ಹಾಳೆ ಹೊರಗೆ ಬರುವ ಸದ್ದು ಫೋನಿನಲ್ಲೇ ಕೇಳಿತು.

ಇಂಗ್ಲಿಷ್ ಬರಬೇಕೆಂದೇನಿಲ್ಲ. ಬಣ್ಣ, ಜಾಗ, ಅಂಕೆ ಹೇಳಿದರೆ ಸಾಕು. ಹೇಳಿಕೊಡುವವರಿಗೆ ತಾಳ್ಮೆ ಇರಬೇಕು, ಅದು ನಮ್ಮ ಕೆಲಸ.

ನೀವು ಬರುವ ಮೊದಲು ಏನೇನು ಮುಚ್ಚಿಡಬೇಕು?

ಬ್ಯಾಂಕಿನ ಪುಟ, ಇಮೇಲ್, ವಾಟ್ಸಾಪ್ ವೆಬ್, ಕುಟುಂಬದ ಫೋಟೋ – ತೆರೆದಿದ್ದರೆ ಮುಚ್ಚಿ. ಪಾಸ್‌ವರ್ಡ್ ಬರೆದಿಟ್ಟ ನೋಟ್‌ಪ್ಯಾಡ್ ಫೈಲ್ ಡೆಸ್ಕ್‌ಟಾಪಿನಲ್ಲೇ ಇದ್ದರೆ ಬೇರೆ ಕಡೆ ಇಡಿ. ಇದು ತುಂಬಾ ಕಂಪ್ಯೂಟರ್‌ಗಳಲ್ಲಿ ಕಾಣುತ್ತದೆ.

ಶಾಲೆ, ಪಂಚಾಯತು, ಸಂಘಗಳವರಿಗೆ ಒಂದು ವಿಶೇಷ ಮಾತು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿದ್ದರೆ ಅದನ್ನು ತೆಗೆದು ಮೇಜಿನ ಖಾನೆಯಲ್ಲಿಡಿ. ಅದು ನಿಮ್ಮ ಸಹಿ. ಚುಚ್ಚಿಟ್ಟು ಪಿನ್ ಕೂಡ ಹೇಳಿದರೆ ಬೇರೆಯವರ ಕೈಗೆ ಸಹಿ ಹಾಕಿದ ಖಾಲಿ ಹಾಳೆ ಕೊಟ್ಟಂತಾಯಿತು. ಸಂಬಳದ ಬಿಲ್ಲಿಗಾಗಿ ಸ್ಪಾರ್ಕ್‌ಗೆ (ಕೇರಳ ಸರಕಾರಿ ನೌಕರರ ಸಂಬಳದ ವೆಬ್‌ಸೈಟ್) ಲಾಗಿನ್ ಆಗಿದ್ದರೆ ಲಾಗೌಟ್ ಮಾಡಿ. ತೊಂದರೆ ಇರುವುದು ಸ್ಪಾರ್ಕ್‌ನಲ್ಲೇ ಅಂತಾದರೆ, ಪಾಸ್‌ವರ್ಡ್ ನೀವೇ ಹಾಕಿ, ನಾವು ನೋಡುತ್ತೇವೆ. ಪಾಸ್‌ವರ್ಡ್ ಅನ್ನು ಫೋನಿನಲ್ಲಿ ನಮಗೆ ಹೇಳುವುದೇ ಬೇಡ.

ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯ ಕೆಲಸವಾದರೆ ಮೊದಲು ಒಂದು ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ, ಪೆನ್‌ಡ್ರೈವ್ ತೆಗೆದಿಡಿ.

ಆಧಾರ್ ಬೆರಳಚ್ಚಿನ ಕೆಲಸ ನಡೆಯುವ ಕಂಪ್ಯೂಟರಿಗೆ ನಾವು ರಿಮೋಟ್‌ನಲ್ಲಿ ಬರುವುದಿಲ್ಲ. ಅಲ್ಲಿಗೆ ಖುದ್ದಾಗಿ ಬರುತ್ತೇವೆ.

ಮಧ್ಯದಲ್ಲಿ "ನಮಗೆ ಕಪ್ಪು ಕಾಣುತ್ತಿದೆ" ಎನ್ನುತ್ತೀರಿ. ನನ್ನ ಪರದೆ ಸರಿ ಇದೆಯಲ್ಲ?

ಏನಾದರೂ ಇನ್‌ಸ್ಟಾಲ್ ಮಾಡಲು ಹೋದಾಗ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ: ಈ ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಬಹುದಾ, ಎಸ್ ಅಥವಾ ನೋ. ಆ ಪ್ರಶ್ನೆಯನ್ನು ವಿಂಡೋಸ್ ಬೇರೆಯೇ ಒಂದು ಸುರಕ್ಷಿತ ಪರದೆಯಲ್ಲಿ ತೋರಿಸುತ್ತದೆ. ಕ್ವಿಕ್ ಅಸಿಸ್ಟ್‌ನಲ್ಲಿ ಅದು ನಮಗೆ ಕಾಣುವುದೂ ಇಲ್ಲ, ಒತ್ತಲೂ ಆಗುವುದಿಲ್ಲ. ಕಾರಣ ಸರಳ. ಎಸ್ ಹೇಳಬೇಕಾದವರು ಕಂಪ್ಯೂಟರಿನ ಮುಂದೆ ಕೂತವರು. ನೀವು ಅಲ್ಲಿರುವ ಹೆಸರು ಓದಿ ಹೇಳಿ, ನಾವು ಹೌದು ಎಂದ ಮೇಲೆ ಒತ್ತಿ. ನಮಗೆ ಪುನಃ ಚಿತ್ರ ಬರುತ್ತದೆ.

ಮೈಕ್ರೋಸಾಫ್ಟ್‌ನಿಂದ, ಬ್ಯಾಂಕಿನಿಂದ ಎಂದು ಫೋನ್ ಬಂತು. ಎನಿಡೆಸ್ಕ್ ಹಾಕಿ ಎನ್ನುತ್ತಾರೆ. ನಿಜವಾ?

ಅಲ್ಲ. ಫೋನ್ ಇಡಿ.

ಇಷ್ಟು ನೆನಪಿಡಿ: ಫೋನ್ ಮಾಡಿದ್ದು ಯಾರು? ನೀವು ತೊಂದರೆ ಇದೆಯೆಂದು ನಿಮಗೆ ಗೊತ್ತಿರುವ ನಂಬರಿಗೆ ಮಾಡಿದ್ದರೆ ಸರಿ. ತಾನಾಗಿ ಫೋನ್ ಮಾಡಿ "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ", "ಕೆವೈಸಿ ಮುಗಿದಿದೆ", "ಕರೆಂಟ್ ಬಿಲ್ ಬಾಕಿ, ಇವತ್ತು ರಾತ್ರಿ ಲೈನ್ ಕಟ್" ಎನ್ನುವವರು ಯಾರೇ ಆಗಿರಲಿ, ಅವರಿಗೆ ಪರದೆ ತೋರಿಸಬೇಡಿ. ಮೈಕ್ರೋಸಾಫ್ಟ್ ಯಾರ ಮನೆಗೂ ಹಾಗೆ ಫೋನ್ ಮಾಡುವುದಿಲ್ಲ. ಅವರ ಎರರ್ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೂ ಇಲ್ಲ. ಬ್ರೌಸರಿನಲ್ಲಿ ಇಡೀ ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ಜೋರಾಗಿ ಸೈರನ್ ಕೂಗಿ, ಕೆಳಗೆ ಒಂದು ನಂಬರ್ ಕಂಡರೆ ಅದು ಬರೀ ವೆಬ್ ಪುಟ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನೇ ಮುಚ್ಚಿ.

ಈ ಮೋಸ ಹೊಸದಲ್ಲ. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಹೆಸರೆತ್ತಿ ಬ್ಯಾಂಕುಗಳಿಗೆ ಎಚ್ಚರಿಕೆ ಕಳುಹಿಸಿತ್ತು. ಆಪ್‌ನಲ್ಲಿ ದೋಷವಿದೆ ಎಂದಲ್ಲ. ಜನರಿಂದ ಅದನ್ನು ಮೊಬೈಲಿಗೆ ಹಾಕಿಸಿ, ಕೋಡ್ ಕೇಳಿ ಪಡೆದು, ಯುಪಿಐ ಮೂಲಕ ಹಣ ಎಳೆಯುತ್ತಿದ್ದರು. ಇವತ್ತೂ ನಡೆಯುವುದು ಅದೇ. ಆಪ್ ಎಷ್ಟು ಗಟ್ಟಿ ಗೂಢಲಿಪಿ ಬಳಸಿದರೂ, ಬಾಗಿಲು ತೆರೆದವರು ನಾವೇ ಆದರೆ ಅದು ಏನು ಮಾಡಲು ಸಾಧ್ಯ?

ನಮ್ಮ ಊರಿನಲ್ಲಿ ಇನ್ನೊಂದು ತೊಂದರೆ ಇದೆ. ಫೋನ್ ಮಾಡಿದವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ವೇಗವಾಗಿ ಮಾತಾಡುತ್ತಾರೆ. ಅರ್ಥವಾಗದಿದ್ದರೂ ಕೇಳಲು ಸಂಕೋಚ. "ಹಾಂ, ಹಾಂ" ಎನ್ನುತ್ತಾ ಹೇಳಿದ್ದನ್ನೆಲ್ಲ ಒತ್ತುತ್ತಾ ಹೋಗುತ್ತೇವೆ. ಅರ್ಥವಾಗದ ಮಾತಿಗೆ ಒಪ್ಪಿಗೆ ಕೊಡಬೇಡಿ. "ಕನ್ನಡದಲ್ಲಿ ಹೇಳಿ, ಇಲ್ಲದಿದ್ದರೆ ಬೇಡ" ಎಂದು ಹೇಳುವ ಹಕ್ಕು ನಿಮಗಿದೆ. ಕನ್ನಡದಲ್ಲೇ, ಮಲಯಾಳದಲ್ಲೇ ಚೆನ್ನಾಗಿ ಮಾತಾಡುವ ಮೋಸಗಾರರೂ ಇದ್ದಾರೆ, ಹಾಗಾಗಿ ಭಾಷೆ ನೋಡಿ ನಂಬುವುದೂ ಬೇಡ.

ನಾನು ಆಗಲೇ ಕೋಡ್ ಕೊಟ್ಟುಬಿಟ್ಟೆ. ಈಗ ಏನು ಮಾಡಲಿ?

ನಾಚಿಕೆ ಪಡಬೇಡಿ, ತಡ ಮಾಡಬೇಡಿ. ಕಲಿತವರು, ಬ್ಯಾಂಕಿನಲ್ಲೇ ಕೆಲಸ ಮಾಡಿದವರು ಕೂಡ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ.

ಮೊದಲು ನೆಟ್ ಕಡಿಯಿರಿ. ಕಂಪ್ಯೂಟರ್ ಆದರೆ ಕೇಬಲ್ ಎಳೆಯಿರಿ ಅಥವಾ ರೂಟರ್ ಸ್ವಿಚ್ ಆಫ್ ಮಾಡಿ. ಮೊಬೈಲ್ ಆದರೆ ಏರೋಪ್ಲೇನ್ ಮೋಡ್ ಹಾಕಿ. ಆಮೇಲೆ ಮನೆಯ ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡ್, ಯುಪಿಐ ನಿಲ್ಲಿಸಿ. ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಪಾಸ್‌ಬುಕ್ಕಿನಲ್ಲಿ, ಕಾರ್ಡಿನ ಹಿಂದೆ ಇರುವುದನ್ನು ನೋಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಸೈಬರ್ ಕ್ರೈಂ ಪೋರ್ಟಲಿನಲ್ಲೂ ದೂರು ದಾಖಲಿಸಬಹುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಹೋಗುವ ಮೊದಲೇ ತಡೆಹಿಡಿಯುವುದು ಇದರ ಉದ್ದೇಶ. ಹಾಗಾಗಿ ಮೊದಲ ಒಂದೆರಡು ಗಂಟೆಗೆ ಬೆಲೆ ಜಾಸ್ತಿ.

ಬ್ಯಾಂಕಿಗೆ ತಿಳಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದಲೇ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನ ಮೇಲೆ ಬೀಳುತ್ತದೆ. ತಿಳಿಸಿದ ಸಮಯ ಬರೆದಿಟ್ಟುಕೊಳ್ಳಿ, ದೂರಿನ ನಂಬರ್ ಕೇಳಿ ಪಡೆಯಿರಿ.

ಎಲ್ಲರೂ ಮಾಡುವ ಒಂದು ಕೆಲಸ ಇದೆ: ಗಾಬರಿಯಲ್ಲಿ ಆಪನ್ನು ಅಳಿಸಿಬಿಡುವುದು. ಸ್ವಲ್ಪ ನಿಲ್ಲಿ. ಮೊದಲು ಪರದೆಯ ಫೋಟೋ ತೆಗೆಯಿರಿ. ಯಾವ ಐಡಿಯಿಂದ ಬಂದಿದ್ದರು ಎಂಬುದು ಅಲ್ಲಿರುತ್ತದೆ. ವಿಂಡೋಸ್‌ನಲ್ಲಿ ಎನಿಡೆಸ್ಕ್ ಆಪ್ "ಕನೆಕ್ಷನ್ ಟ್ರೇಸ್" ಎಂಬ ಫೈಲನ್ನೂ, ಇನ್‌ಸ್ಟಾಲ್ ಮಾಡಿದ ಟೀಮ್‌ವ್ಯೂವರ್ ಆಪ್ "ಕನೆಕ್ಷನ್ಸ್ ಇನ್‌ಕಮಿಂಗ್" ಎಂಬ ಫೈಲನ್ನೂ ಬರೆದಿಡುತ್ತವೆ. ಯಾರು, ಯಾವಾಗ ಎಂಬ ಸುಳಿವು ಅದರಲ್ಲಿ ಸಿಗುತ್ತದೆ. ಪೊಲೀಸರಿಗೆ ಅದು ಬೇಕಾಗುತ್ತದೆ.

ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ, ಮೊದಲು ಇಮೇಲಿನದು. ಅವರು ಕೈಯಾಡಿಸಿದ ಕಂಪ್ಯೂಟರನ್ನು ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದೇ ಸರಿ. ಒಂದು ಆಪ್ ತೆಗೆದರೆ ಆಯ್ತು ಅಂದುಕೊಳ್ಳಬೇಡಿ. ಬಂದವರು ಇನ್ನೊಂದನ್ನು ಸದ್ದಿಲ್ಲದೆ ಇಟ್ಟು ಹೋಗಿರಬಹುದು.

ಶಾಲೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇಲ್ಲ, ಉಬುಂಟು ಇದೆ. ಅದಕ್ಕೂ ಆಗುತ್ತದಾ?

ಆಗುತ್ತದೆ. ಕೇರಳದ ಶಾಲೆಗಳಲ್ಲಿ ಕೈಟ್ ಎಂಬ, ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ರಾಜ್ಯ ಸರಕಾರಿ ಸಂಸ್ಥೆ ಕೊಡುವ ಉಬುಂಟು ಆಧರಿತ ವ್ಯವಸ್ಥೆಯೇ ಇರುವುದು. ಹಾಗಾಗಿ ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಂದ ಈ ಪ್ರಶ್ನೆ ತುಂಬಾ ಬರುತ್ತದೆ. ಗಡಿಯಾಚೆ ದಕ್ಷಿಣ ಕನ್ನಡದ ಟೆಕ್ನಿಷಿಯನ್‌ಗಳನ್ನು ಕೇಳಿದರೆ ಹೆಚ್ಚಿನವರು ವಿಂಡೋಸ್ ಮಾತ್ರ ಗೊತ್ತು ಎನ್ನುತ್ತಾರೆ.

ಇಲ್ಲಿ ಒಂದು ತೊಡಕು ಬರುವುದುಂಟು. ಆಪ್ ಹಾಕಿದರೂ ನಮಗೆ ಪರದೆ ಕಾಣುವುದಿಲ್ಲ, ಅಥವಾ ಡಿಸ್‌ಪ್ಲೇ ಸರ್ವರ್ ಬೆಂಬಲವಿಲ್ಲ ಎಂಬ ಸಂದೇಶ ಬರುತ್ತದೆ. ಹೊಸ ಉಬುಂಟುವಿನಲ್ಲಿ ಪರದೆಯನ್ನು ನಡೆಸುವುದು ವೇಲ್ಯಾಂಡ್ ಎಂಬ ವ್ಯವಸ್ಥೆ. ಒಂದು ಪ್ರೋಗ್ರಾಂ ಇನ್ನೊಂದರ ಕಿಟಕಿಯೊಳಗೆ ಇಣುಕುವುದನ್ನು ಅದು ಬೇಕೆಂದೇ ತಡೆಯುತ್ತದೆ. ಸುರಕ್ಷತೆಗೆ ಒಳ್ಳೆಯದು, ನಮಗೆ ಅಡ್ಡಿ. ಲಾಗೌಟ್ ಮಾಡಿ, ಹೆಸರಿನ ಮೇಲೆ ಕ್ಲಿಕ್ ಮಾಡಿ, ಪಾಸ್‌ವರ್ಡ್ ಹಾಕುವ ಮೊದಲು ಕೆಳಗೆ ಮೂಲೆಯಲ್ಲಿರುವ ಹಲ್ಲಿನ ಚಕ್ರದ ಚಿತ್ರ ಒತ್ತಿ. ಅಲ್ಲಿ ಉಬುಂಟು ಆನ್ ಎಕ್ಸಾರ್ಗ್ ಎಂದು ಇದ್ದರೆ ಅದನ್ನು ಆರಿಸಿ ಒಳಗೆ ಬನ್ನಿ. ಕೆಲಸ ಮುಗಿದ ಮೇಲೆ ಹಿಂದಿನದಕ್ಕೇ ಬದಲಿಸಿ.

ವಾರಂಟಿಯ ಕೆಳಗಿರುವ ಲ್ಯಾಪ್‌ಟಾಪಿನ ಯಂತ್ರದ ತೊಂದರೆಯಾದರೆ ನಾವು ಕೈ ಹಾಕುವುದಿಲ್ಲ. ಶಾಲೆಯ ಐಟಿ ಹೊಣೆ ಹೊತ್ತ ಟೀಚರ್ ಮೂಲಕವೇ ದೂರು ಹೋಗಬೇಕು.

ನಮ್ಮದು ವಿಂಡೋಸ್ 7. ಸಹಾಯ ಮಾಡುತ್ತೀರಾ?

ಮಾಡುತ್ತೇವೆ, ಒಂದು ಸಲ, ಡೇಟಾ ಹೊರತೆಗೆಯಲು. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ವಿಂಡೋಸ್ 10ರದ್ದೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಣಕಾಸಿನ ಕೆಲಸ ನಡೆಯುವ ಕಂಪ್ಯೂಟರ್ ಆದರೆ ಬದಲಿಸುವ ಯೋಚನೆ ಮಾಡಿ.

ಇಲ್ಲಿ ರೇಂಜ್ ಕಡಿಮೆ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಆದೀತಾ?

ಪರದೆ ಅಲುಗಾಡದಿದ್ದರೆ ಹೆಚ್ಚು ಡೇಟಾ ಬೇಡ. ಬದಲಾದ ಭಾಗ ಮಾತ್ರ ಹೋಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಕೆಲಸ ನಡೆಯುತ್ತದೆ. ಯೂಟ್ಯೂಬ್ ಮುಚ್ಚಿ, ಮಕ್ಕಳ ಫೋನನ್ನು ವೈಫೈನಿಂದ ತೆಗೆಸಿ. ಚಿತ್ರದ ಗುಣಮಟ್ಟವನ್ನು ನಾವು ನಮ್ಮ ಕಡೆಯಿಂದ ಇಳಿಸುತ್ತೇವೆ. ತೊಂದರೆ ಆಗುವುದು ವೇಗ ಕಡಿಮೆ ಇರುವುದರಿಂದ ಅಲ್ಲ, ಸಿಗ್ನಲ್ ಬಂದು ಹೋಗಿ ಮಾಡುವುದರಿಂದ. ಅಡೂರು, ದೇಲಂಪಾಡಿ ಕಡೆ ಕೆಲವು ಮನೆಗಳಲ್ಲಿ ಕಿಟಕಿಯ ಹತ್ತಿರ ಫೋನ್ ಇಟ್ಟರೆ ಮಾತ್ರ ಸಿಗ್ನಲ್. ಹಾಗಿದ್ದರೆ ಹಾಟ್‌ಸ್ಪಾಟ್ ಕೊಡುವ ಫೋನ್ ಅಲ್ಲೇ ಇರಲಿ, ಮಾತಾಡಲು ಇನ್ನೊಂದು ಫೋನ್ ಹಿಡಿಯಿರಿ.

ಕರೆಂಟ್ ನಂಬಲಾಗದ ದಿನ ಬಯೋಸ್ (ಕಂಪ್ಯೂಟರ್ ಆನ್ ಆಗುವಾಗ ಮೊದಲು ಓಡುವ ಒಳಗಿನ ತಂತ್ರಾಂಶ) ಅಪ್‌ಡೇಟ್, ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಮಾಡುವುದಿಲ್ಲ. ಮಧ್ಯದಲ್ಲಿ ನಿಂತರೆ ಕಂಪ್ಯೂಟರ್ ಏಳದೇ ಹೋಗಬಹುದು. ಗುಡುಗು ಮಿಂಚು ಇದ್ದರೆ ಯಾವ ಕೆಲಸವೂ ಬೇಡ. ಪ್ಲಗ್ ತೆಗೆಯಿರಿ, ರೂಟರಿಗೆ ಬರುವ ಕೇಬಲನ್ನೂ ತೆಗೆಯಿರಿ. ಪ್ಲಗ್ ಮಾತ್ರ ತೆಗೆದು ಲ್ಯಾನ್ ಕೇಬಲ್ ಬಿಟ್ಟು ಸಿಡಿಲಿಗೆ ಬೋರ್ಡ್ ಸುಟ್ಟುಹೋದ ಕಂಪ್ಯೂಟರುಗಳು ಪ್ರತಿ ಮಳೆಗಾಲದಲ್ಲೂ ಬರುತ್ತವೆ.

ಕನ್ನಡದಲ್ಲಿ ಟೈಪ್ ಮಾಡಿದ್ದು ನಿಮಗೆ ಸರಿಯಾಗಿ ಕಾಣುತ್ತದಾ?

ಕಾಣುತ್ತದೆ. ನಮಗೆ ಬರುವುದು ನಿಮ್ಮ ಪರದೆಯ ಚಿತ್ರ. ಹಾಗಾಗಿ ನಿಮ್ಮ ಫಾಂಟ್ ನಮ್ಮಲ್ಲಿ ಇರಬೇಕೆಂದಿಲ್ಲ. ಹಳೆಯ ನುಡಿ ಫಾಂಟಿನ ಪ್ರಶ್ನೆಪತ್ರಿಕೆ, ಪಕ್ಕದಲ್ಲೇ ಮಲಯಾಳದ ಸುತ್ತೋಲೆ – ಎರಡೂ ನಿಮಗೆ ಕಂಡಂತೆಯೇ ನಮಗೂ ಕಾಣುತ್ತವೆ. ಅದೇ ಫೈಲನ್ನು ನೀವು ನಮಗೆ ಮೇಲ್ ಮಾಡಿದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತು ಬರಬಹುದು. ಹಳೆಯ ನುಡಿ, ಬರಹ ಕಡತಗಳ ವಿಷಯದಲ್ಲಿ ರಿಮೋಟ್ ನೋಡುವುದೇ ಸುಲಭ.

ನಾವು ಇಲ್ಲಿಂದ ಟೈಪ್ ಮಾಡುವಾಗ ಮಾತ್ರ ಗಲಿಬಿಲಿ ಆಗುತ್ತದೆ. ನಮ್ಮ ಕಡೆಯೂ ಕನ್ನಡ ಕೀಬೋರ್ಡ್, ನಿಮ್ಮ ಕಡೆಯೂ ಕನ್ನಡ ಅಂತಾದರೆ ಎರಡೂ ಸೇರಿ ತಪ್ಪು ಅಕ್ಷರ ಬೀಳುತ್ತದೆ. ನಾವು ನಮ್ಮದನ್ನು ಇಂಗ್ಲಿಷಿಗೆ ಹಾಕಿ, ನಿಮ್ಮಲ್ಲಿರುವ ಕೀಲಿಮಣೆಯನ್ನೇ ಬಳಸುತ್ತೇವೆ.

ಹೊಸದಾಗಿ ಬರೆಯುವುದೆಲ್ಲ, ಬೇರೆ ಕಂಪ್ಯೂಟರಿನಲ್ಲೂ ಅಕ್ಷರ ಕೆಡದ ಯೂನಿಕೋಡ್‌ನಲ್ಲೇ ಇರಲಿ. ಇದು ನಮ್ಮ ಒತ್ತಾಯದ ಮಾತು. ಕಾಸರಗೋಡಿನ ಕನ್ನಡ ಶಾಲೆಗಳ ಎಷ್ಟೋ ಒಳ್ಳೆಯ ನೋಟ್ಸ್, ನಾಟಕ, ವಾರ್ಷಿಕ ವರದಿಗಳು ಹಳೆಯ ಫಾಂಟಿನಲ್ಲಿ ಬಂದಿಯಾಗಿವೆ. ಪರಿವರ್ತನೆ ಮಾಡಿಕೊಡಲು ನಾವು ಯಾವಾಗಲೂ ತಯಾರು.

ಮೊಬೈಲನ್ನೂ ದೂರದಿಂದ ಸರಿ ಮಾಡಬಹುದಾ?

ಆಂಡ್ರಾಯ್ಡ್ ಆದರೆ ನೋಡಬಹುದು. ಮುಟ್ಟಬೇಕಾದರೆ ಅಕ್ಸೆಸಿಬಿಲಿಟಿ ಎಂಬ ಅನುಮತಿ ಕೊಡಬೇಕಾಗುತ್ತದೆ. ಕಣ್ಣು ಕಾಣದವರಿಗೆ, ಕೈ ಆಡದವರಿಗೆ ಅನುಕೂಲವಾಗಲೆಂದು ಇರುವ ಅನುಮತಿ ಅದು. ಪರದೆಯ ಮೇಲಿನದ್ದನ್ನೆಲ್ಲ ಓದುವ, ಒತ್ತುವ ಶಕ್ತಿ ಅದಕ್ಕಿದೆ. ಮೋಸಗಾರರು ಕೇಳುವುದೂ ಅದನ್ನೇ. ಹಾಗಾಗಿ ನಾವು ಅದನ್ನು ಕೇಳುವುದಿಲ್ಲ. ಪರದೆ ನೋಡಿ ಬಾಯಲ್ಲಿ ಹೇಳುತ್ತೇವೆ, ನೀವೇ ಒತ್ತಿ. ಐಫೋನಿನಲ್ಲಂತೂ ಈ ಆಪ್‌ಗಳಿಂದ ನೋಡುವುದು ಮಾತ್ರ ಸಾಧ್ಯ.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೀವೇ ಬಂದು ಕೆಲಸ ಮಾಡಿ ಹೋಗಲು ಆಗುತ್ತದಾ?

ಆಗುತ್ತದೆ. ಮನೆಯ ಕಂಪ್ಯೂಟರಿಗೆ ನಾವು ಒಪ್ಪುವುದಿಲ್ಲ, ಅಂಗಡಿ ಕಚೇರಿಗಳಿಗೆ ಮಾತ್ರ, ಅದೂ ಬರಹದಲ್ಲಿ ಒಪ್ಪಿಗೆ ಇದ್ದರೆ. ಮೇಲೆ ಹೇಳಿದ ಶಾಶ್ವತ ಪಾಸ್‌ವರ್ಡ್ ಬೇಕಾಗುವುದು ಇಲ್ಲೇ. ಅದು ಉದ್ದ ಇರಬೇಕು, ಬೇರೆ ಎಲ್ಲೂ ಬಳಸಿರಬಾರದು. ಎರಡನೇ ಹಂತದ ಪರಿಶೀಲನೆ ಇರಬೇಕು. ನಮ್ಮ ಐಡಿಗೆ ಮಾತ್ರ ಒಳಗೆ ಬರುವ ಅವಕಾಶ ಇರಬೇಕು. ಕಂಪ್ಯೂಟರ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಬೇಕು. ಬೆಳಿಗ್ಗೆ ಏನು ಮಾಡಿದೆವು ಎಂದು ಬರೆದು ಕಳುಹಿಸುತ್ತೇವೆ. ಕೆಲಸ ಮುಗಿದರೆ ಆ ಪಾಸ್‌ವರ್ಡ್ ಅಳಿಸಿ ಹಾಕಬೇಕು. ಹಿಂದೊಮ್ಮೆ ಬಂದು ಹೋದ ಟೆಕ್ನಿಷಿಯನ್ ಇಟ್ಟ ಪಾಸ್‌ವರ್ಡ್ ವರ್ಷಗಟ್ಟಲೆ ಹಾಗೇ ಉಳಿದಿರುವುದನ್ನು ಎಷ್ಟೋ ಕಡೆ ನೋಡಿದ್ದೇವೆ. ನಿಮ್ಮಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಇನ್‌ಸ್ಟಾಲ್ ಆದ ಆಪ್‌ಗಳ ಪಟ್ಟಿ ಇವತ್ತೇ ನೋಡಿ. ಎನಿಡೆಸ್ಕ್, ಟೀಮ್‌ವ್ಯೂವರ್, ಅಲ್ಟ್ರಾವ್ಯೂವರ್, ಸುಪ್ರೀಮೋ, ಸ್ಕ್ರೀನ್‌ಕನೆಕ್ಟ್ – ಇವುಗಳಲ್ಲಿ ಯಾವುದು ಯಾಕಿದೆ ಎಂದು ಗೊತ್ತಿಲ್ಲದಿದ್ದರೆ ಕೇಳಿ.

ಒಬ್ಬರು ರೂಟರಿನಲ್ಲಿ ಪೋರ್ಟ್ 3389 ತೆರೆದು ರಿಮೋಟ್ ಡೆಸ್ಕ್‌ಟಾಪ್ ಮಾಡಿಕೊಟ್ಟಿದ್ದಾರೆ. ಚೆನ್ನಾಗಿ ನಡೆಯುತ್ತಿದೆ.

ದಯವಿಟ್ಟು ಇವತ್ತೇ ಮುಚ್ಚಿಸಿ. ಪೋರ್ಟ್ ಅಂದರೆ ಹೊರಗಿನಿಂದ ಕಂಪ್ಯೂಟರಿಗೆ ಬರುವ ಬಾಗಿಲಿದ್ದ ಹಾಗೆ. ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಒಳ್ಳೆಯದೇ, ಆದರೆ ಅದು ಕಚೇರಿಯ ಒಳಗಿನ ಜಾಲಕ್ಕೆ. ಇಂಟರ್ನೆಟ್ ಕಡೆಗೆ ತೆರೆದಿಟ್ಟ 3389 ಪೋರ್ಟನ್ನು ಹುಡುಕುತ್ತಾ ಯಂತ್ರಗಳು ಹಗಲು ರಾತ್ರಿ ಅಲೆಯುತ್ತಿರುತ್ತವೆ. ಸಿಕ್ಕಿದರೆ ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಹಾಕಿ ನೋಡುತ್ತವೆ. ಒಳಗೆ ಹೊಕ್ಕರೆ ಫೈಲುಗಳಿಗೆಲ್ಲ ಬೀಗ ಹಾಕಿ ಹಣ ಕೇಳುತ್ತಾರೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಸಿಕ್ಕಿದಾಗ ಒಳಗೆ ಹೊಗಲು ಪಾಸ್‌ವರ್ಡೂ ಬೇಕಿರಲಿಲ್ಲ. ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ ಕೊಟ್ಟಿತ್ತು ಎಂದರೆ ಅಪಾಯ ಎಷ್ಟಿತ್ತು ಎಂದು ಯೋಚಿಸಿ. ದೂರದಿಂದ ಬೇಕೇ ಬೇಕು ಅಂತಾದರೆ ವಿಪಿಎನ್ (ಇಂಟರ್ನೆಟ್ ಮೂಲಕ ಕಚೇರಿಯ ಜಾಲಕ್ಕೆ ಹೋಗುವ ಭದ್ರವಾದ ಖಾಸಗಿ ದಾರಿ) ಹಾಕಿ, ಅದರೊಳಗಿನಿಂದ ಬನ್ನಿ.

ಸಹಾಯ ಮಾಡಲು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ನಮಗೆ ಇಷ್ಟವಿಲ್ಲದಿರಲು ಇನ್ನೊಂದು ಕಾರಣ: ನಾವು ಒಳಗೆ ಬಂದ ಕೂಡಲೇ ನಿಮ್ಮ ಪರದೆಗೆ ಬೀಗ ಬೀಳುತ್ತದೆ. ನಾವು ಏನು ಮಾಡುತ್ತಿದ್ದೇವೆ ಎಂದು ನೀವು ನೋಡಲಾಗದು.

ರಿಮೋಟ್‌ನಿಂದ ಆಗದ ಕೆಲಸ ಯಾವುದು?

ವಿಂಡೋಸ್ ಏಳದಿದ್ದರೆ, ನೆಟ್ಟೇ ಇಲ್ಲದಿದ್ದರೆ, ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಆಗದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಸುರಕ್ಷತಾ ಕಂಪೆನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಯಲ್ಲಿ ನಿಂತವಲ್ಲ? ಸುಮಾರು 85 ಲಕ್ಷ ಎಂದು ಮೈಕ್ರೋಸಾಫ್ಟ್ ಅಂದಾಜು ಹೇಳಿತ್ತು. ಅಷ್ಟು ದೊಡ್ಡ ಕಂಪೆನಿಗಳಲ್ಲೂ ಎಷ್ಟೋ ಕಡೆ ಜನ ಒಂದೊಂದೇ ಯಂತ್ರದ ಮುಂದೆ ಹೋಗಿ ಕೈಯಿಂದಲೇ ಸರಿ ಮಾಡಬೇಕಾಯಿತು. ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದ್ದರೆ ಕೂಡಲೇ ಆಫ್ ಮಾಡಿ, ಬಟ್ಟೆಯಲ್ಲಿ ಸುತ್ತಿ ತನ್ನಿ. ಆನ್ ಮಾಡಿ ಮಾಡಿ ನೋಡಬೇಡಿ.

ಯಾವ ಭಾಷೆಯಲ್ಲಿ ಮಾತಾಡಬೇಕು?

ನಿಮಗೆ ಸುಲಭವಾದ ಭಾಷೆಯಲ್ಲಿ. ಕನ್ನಡ, ತುಳು, ಮಲಯಾಳ ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ಹವ್ಯಕದಲ್ಲಿ ಮಾತಾಡುವವರೂ ಇದ್ದಾರೆ. ಏನು ಮಾಡಿದೆವು ಎಂಬ ವರದಿಯನ್ನು ಕನ್ನಡದಲ್ಲೇ ಕೊಡುತ್ತೇವೆ. ಕಚೇರಿಯ ಕಡತಕ್ಕೆ ಮಲಯಾಳದಲ್ಲಿ ಬೇಕೆಂದರೆ ಅದೂ ಆಗುತ್ತದೆ.

ನಾನೂ ಊರಿನಲ್ಲಿ ಇಂಥದ್ದೇ ಸೇವೆ ಶುರು ಮಾಡಬೇಕೆಂದಿದ್ದೇನೆ. ಏನು ಗೊತ್ತಿರಬೇಕು?

ಮಾಡಿ. ನಮ್ಮ ಕಡೆ ಇಂಥವರು ಇನ್ನೂ ಬೇಕು.

ಕಾನೂನು ಮೊದಲು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ಯಜಮಾನರ ಅನುಮತಿ ಇಲ್ಲದೆ ಕಂಪ್ಯೂಟರಿನೊಳಗೆ ಹೋಗುವುದು ತಪ್ಪು. ಕೆಟ್ಟ ಉದ್ದೇಶವಿದ್ದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಪ್ರತಿ ಸಲವೂ ಒಪ್ಪಿಗೆ ಪಡೆಯಿರಿ, ವಾಟ್ಸಾಪ್ ಸಂದೇಶವಾದರೂ ಸರಿ, ಬರಹದಲ್ಲಿರಲಿ. ಯಾರ ಕಂಪ್ಯೂಟರ್, ಎಷ್ಟು ಗಂಟೆಗೆ ಒಳಗೆ ಹೋದಿರಿ, ಏನು ಬದಲಿಸಿದಿರಿ, ಎಷ್ಟಕ್ಕೆ ಹೊರಬಂದಿರಿ – ಒಂದು ಪುಸ್ತಕದಲ್ಲಿ ಬರೆದಿಡಿ. 2022ರ ಏಪ್ರಿಲ್ 28ರ ಸರ್ಟ್ ಇನ್ (ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ) ಆದೇಶ ಸಂಸ್ಥೆಗಳಿಗೆ 180 ದಿನಗಳ ಲಾಗ್, ಅಂದರೆ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಡೆದದ್ದರ ದಾಖಲೆ, ಇಟ್ಟುಕೊಳ್ಳಲು, ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಲು ಹೇಳುತ್ತದೆ. ಸಂಘ, ಕಂಪೆನಿಗಳ ಕೆಲಸ ಹಿಡಿದರೆ ಇದು ನಿಮಗೂ ಬರುತ್ತದೆ.

ಉಚಿತ ಆವೃತ್ತಿಯಲ್ಲಿ ದುಡಿಮೆ ಮಾಡಬೇಡಿ, ಲೈಸೆನ್ಸ್ ತೆಗೆದುಕೊಳ್ಳಿ ಅಥವಾ ರಸ್ಟ್‌ಡೆಸ್ಕ್ ಕಲಿಯಿರಿ. ನಿಮ್ಮ ಸ್ವಂತ ಕಂಪ್ಯೂಟರ್ ಎಲ್ಲರದಕ್ಕಿಂತ ಭದ್ರವಾಗಿರಬೇಕು. ಅದರೊಳಗೆ ಯಾರಾದರೂ ಹೊಕ್ಕರೆ ನಿಮ್ಮ ಗ್ರಾಹಕರ ಮನೆಗಳಿಗೆಲ್ಲ ದಾರಿ ಸಿಕ್ಕಂತೆ.

ಆಮೇಲೆ ಮಾತು. ಒಳಗೆ ಹೋದ ಮೇಲೆ ಸುಮ್ನೆ ಕೂತು ಕ್ಲಿಕ್ ಮಾಡಬೇಡಿ. "ಈಗ ಸೆಟ್ಟಿಂಗ್ಸ್ ತೆರೆಯುತ್ತಿದ್ದೇನೆ, ಈಗ ಪ್ರಿಂಟರಿನ ಹಳೆಯ ಡ್ರೈವರ್ ತೆಗೆಯುತ್ತೇನೆ, ಆಗಬಹುದಾ?" ಎಂದು ಹೇಳುತ್ತಾ ಮಾಡಿ. ಆ ಕಡೆ ಕೂತವರಿಗೆ ತಮ್ಮ ಮೌಸ್ ತಾನಾಗಿ ಓಡುವುದನ್ನು ನೋಡಿದರೆ ಮೊದಲ ಸಲ ಹೆದರಿಕೆಯಾಗುತ್ತದೆ. ಹೊರಬರುವಾಗ ನೀವು ಹಾಕಿದ ಆಪನ್ನು ಅವರ ಕೈಯಿಂದಲೇ ತೆಗೆಸಿ, ತೆಗೆದದ್ದನ್ನು ಅವರೇ ನೋಡಲಿ. ಕಲಿಯಲು ಬರುವುದಿದ್ದರೆ ಶನಿವಾರ ಮಧ್ಯಾಹ್ನ ಬನ್ನಿ, ಆಗ ಕರೆಗಳು ಕಡಿಮೆ. ಹಳೆಯ ಎರಡು ಲ್ಯಾಪ್‌ಟಾಪ್ ಅಭ್ಯಾಸಕ್ಕೆಂದೇ ಇಟ್ಟಿದ್ದೇವೆ.